ಯೂತ್ ಡಿಫೆನ್ಸ್: ಯುವಜನರೇ ಕೈಬಿಟ್ಟ ಐರ್ಲೆಂಡಿನ ಗರ್ಭಪಾತ ವಿರೋಧಿ ಸಂಘಟನೆ

2018ರ ಮೇ 25ರಂದು ಐರ್ಲೆಂಡಿನ ಮತದಾರರು ತಮ್ಮ ಸಂವಿಧಾನದಲ್ಲಿದ್ದ ಗರ್ಭಪಾತ ನಿಷೇಧವನ್ನು ಕಿತ್ತುಹಾಕಿದರು. ಪರವಾಗಿ ಬಿದ್ದ ಮತ 66.4%. ಎಕ್ಸಿಟ್ ಪೋಲ್‌ಗಳ ಪ್ರಕಾರ 18ರಿಂದ 24 ವರ್ಷದವರಲ್ಲಿ ಸುಮಾರು 87% ಜನ ‘ನಿಷೇಧ ಬೇಡ’ ಅಂದಿದ್ದರು. ಅದೇ ನಿಷೇಧವನ್ನು ಉಳಿಸಿಕೊಳ್ಳಲು 26 ವರ್ಷ ಬೀದಿಗಿಳಿದಿದ್ದ ಸಂಘಟನೆಯ ಹೆಸರು ಯೂತ್ ಡಿಫೆನ್ಸ್!

ಈ ಕಾನೂನಿನ ಚರ್ಚೆಯಲ್ಲಿ ನಮಗೆಲ್ಲ ಗೊತ್ತಿರುವ ಹೆಸರು ಬೆಳಗಾವಿ ಮೂಲದ ದಂತವೈದ್ಯೆ ಸವಿತಾ ಹಾಲಪ್ಪನವರ್. ಆದರೆ ಆ ಕಾನೂನಿಗೆ ಕಾವಲು ನಿಂತವರು ಯಾರು? ಅವರು ಏನನ್ನು ನಂಬಿದ್ದರು? ಗೆದ್ದದ್ದು ಹೇಗೆ, ಸೋತದ್ದು ಯಾಕೆ?

ಹಿನ್ನೆಲೆ: 8ನೇ ತಿದ್ದುಪಡಿ

ಐರ್ಲೆಂಡಿನಲ್ಲಿ ಗರ್ಭಪಾತ ಅಪರಾಧವಾಗಿದ್ದದ್ದು ಬ್ರಿಟಿಷರ 1861ರ ಕಾಯ್ದೆಯಿಂದ. ಆದರೆ ಕಾಯ್ದೆಯನ್ನು ಸಂಸತ್ತು ಬದಲಿಸಬಹುದು, ಕೋರ್ಟ್ ರದ್ದು ಮಾಡಬಹುದು. ಅಮೆರಿಕದ ಸುಪ್ರೀಂ ಕೋರ್ಟ್ 1973ರಲ್ಲಿ ಕೊಟ್ಟ ರೋ ವರ್ಸಸ್ ವೇಡ್ ತೀರ್ಪು ಐರಿಷ್ ಸಂಪ್ರದಾಯವಾದಿಗಳಿಗೆ ಈ ಭಯ ಹುಟ್ಟಿಸಿತ್ತು. ಹಾಗಾಗಿ 1981ರಲ್ಲಿ ಹುಟ್ಟಿದ ‘ಪ್ರೋ-ಲೈಫ್ ಅಮೆಂಡ್‌ಮೆಂಟ್ ಕ್ಯಾಂಪೇನ್’ ಎಂಬ ಒಕ್ಕೂಟ, ನಿಷೇಧವನ್ನು ಸಂವಿಧಾನಕ್ಕೇ ಸೇರಿಸಿ ಅಂತ ಪಟ್ಟು ಹಿಡಿಯಿತು. 1983ರ ಜನಮತಗಣನೆಯಲ್ಲಿ ಅದಕ್ಕೆ 66.9% ಬೆಂಬಲ ಸಿಕ್ಕಿತು. ತಾಯಿಯ ಜೀವದ ಹಕ್ಕು, ಹುಟ್ಟದ ಮಗುವಿನ ಜೀವದ ಹಕ್ಕು ಎರಡೂ ಸಮಾನ ಎಂಬ ವಾಕ್ಯ ಸಂವಿಧಾನ ಸೇರಿತು.

ಮುಂದಿನ 35 ವರ್ಷದ ಜಗಳವೆಲ್ಲ ‘ಸಮಾನ’ ಎಂಬ ಆ ಪದದ ಸುತ್ತಲೇ ನಡೆಯಿತು.

1992: ಎಕ್ಸ್ ಪ್ರಕರಣ

ಅತ್ಯಾಚಾರಕ್ಕೆ ಒಳಗಾಗಿ ಗರ್ಭಿಣಿಯಾದ 14 ವರ್ಷದ ಹುಡುಗಿಯೊಬ್ಬಳನ್ನು ಪೋಷಕರು ಗರ್ಭಪಾತಕ್ಕಾಗಿ ಇಂಗ್ಲೆಂಡಿಗೆ ಕರೆದೊಯ್ದಿದ್ದರು. ಅದನ್ನು ತಡೆಯಲು ಸರ್ಕಾರದ ಅಟಾರ್ನಿ ಜನರಲ್ ಕೋರ್ಟ್ ಮೆಟ್ಟಿಲೇರಿದರು, ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಹುಡುಗಿ ಆತ್ಮಹತ್ಯೆಯ ಮಾತಾಡುತ್ತಿದ್ದಳು. 1992ರ ಫೆಬ್ರವರಿ 26ರಂದು ಸುಪ್ರೀಂ ಕೋರ್ಟ್ ತಡೆಯಾಜ್ಞೆ ತೆರವುಗೊಳಿಸಿತು. ತಾಯಿಯ ಜೀವಕ್ಕೆ ನಿಜವಾದ ಅಪಾಯವಿದ್ದರೆ, ಅದು ಆತ್ಮಹತ್ಯೆಯ ಅಪಾಯವೇ ಆಗಿದ್ದರೂ, ಗರ್ಭಪಾತ ಕಾನೂನುಬದ್ಧ ಎಂದಿತು.

ಸಾವಿರಾರು ಜನ ಹುಡುಗಿಯ ಪರ ಬೀದಿಗಿಳಿದರು. ಅದೇ ವರ್ಷ ಡಬ್ಲಿನ್‌ನಲ್ಲಿ ಯೂತ್ ಡಿಫೆನ್ಸ್ ಹುಟ್ಟಿತು. ಹಳೆಯ ಗರ್ಭಪಾತ ವಿರೋಧಿ ಗುಂಪುಗಳಲ್ಲಿ ವಕೀಲರು, ವೈದ್ಯರು, ಪ್ರೊಫೆಸರುಗಳೇ ಹೆಚ್ಚು. ಅವರದ್ದು ತೆರೆಮರೆಯ ಲಾಬಿ. ಯೂತ್ ಡಿಫೆನ್ಸ್ ಆ ಮರ್ಯಾದಸ್ಥ ದಾರಿಯನ್ನೇ ಬಿಟ್ಟಿತು. ಭ್ರೂಣಗಳ ದೊಡ್ಡ ದೊಡ್ಡ ಫೋಟೊ ಹಿಡಿದು ನಗರದ ನಡುವೆ ನಿಲ್ಲೋದು, ರಾಜಕಾರಣಿಗಳ ಮನೆ ಮುಂದೆಯೇ ಪಿಕೆಟಿಂಗ್ ಮಾಡೋದು ಅದರ ಶೈಲಿಯಾಯಿತು. 2007ರಿಂದ ಪ್ರತಿವರ್ಷ ನಡೆಯುವ ‘ರ‍್ಯಾಲಿ ಫಾರ್ ಲೈಫ್’ ಮೆರವಣಿಗೆಯ ಹಿಂದೆಯೂ ಇದೇ ಸಂಘಟನೆ ಮತ್ತು ಅದರ ಜೊತೆಗಾರರಿದ್ದಾರೆ.

ಅವರ ವಾದ ಸರಳ. ಗರ್ಭಧಾರಣೆಯ ಕ್ಷಣದಿಂದಲೇ ಅದೊಂದು ಮನುಷ್ಯ ಜೀವ. ಅತ್ಯಾಚಾರವಿರಲಿ, ಭ್ರೂಣಕ್ಕೆ ಮಾರಕ ಕಾಯಿಲೆ ಇರಲಿ, ಅದನ್ನು ಬೇಕೆಂದೇ ಕೊನೆಗೊಳಿಸುವುದು ತಪ್ಪು. ಗರ್ಭಪಾತವಿಲ್ಲದೆಯೇ ಐರ್ಲೆಂಡಿನಲ್ಲಿ ತಾಯಂದಿರು ಸುರಕ್ಷಿತವಾಗಿದ್ದಾರೆ ಅನ್ನೋದು ಅವರು ಪದೇಪದೇ ಹೇಳುತ್ತಿದ್ದ ಮಾತು. ಹೇಳದೆ ಬಿಟ್ಟದ್ದು ಇಷ್ಟು: 1980ರಿಂದ 2018ರ ನಡುವೆ 1 ಲಕ್ಷ 70 ಸಾವಿರಕ್ಕೂ ಹೆಚ್ಚು ಮಹಿಳೆಯರು ಗರ್ಭಪಾತಕ್ಕಾಗಿ ಐರ್ಲೆಂಡಿನಿಂದ ಬ್ರಿಟನ್‌ಗೆ ಹೋಗಿಬಂದರು.

ಗರ್ಭಪಾತ ಒಂದೇ ವಿಷಯವಲ್ಲ

1995ರ ವಿಚ್ಛೇದನ ಜನಮತಗಣನೆಯಲ್ಲಿ ವಿರೋಧಿ ಪಾಳೆಯ ಸೋತದ್ದು 9,114 ಮತಗಳಿಂದ ಮಾತ್ರ. ಆ ಪ್ರಚಾರದಲ್ಲೂ ಇದೇ ವಲಯದ ಮುಖಗಳಿದ್ದವು. ಸಂಘಟನೆಯ ನಾಯಕರಲ್ಲಿ ಒಬ್ಬರಾಗಿದ್ದ ಜಸ್ಟಿನ್ ಬ್ಯಾರೆಟ್ ಯುರೋಪಿಯನ್ ಒಕ್ಕೂಟದ ನೀಸ್ ಒಪ್ಪಂದದ ವಿರುದ್ಧ ಪ್ರಚಾರ ನಡೆಸಿದರು. ಅವರು ಜರ್ಮನಿಯ ತೀವ್ರ ಬಲಪಂಥೀಯ ಪಕ್ಷ ಎನ್‌ಪಿಡಿಯ ಕಾರ್ಯಕ್ರಮಕ್ಕೆ ಹೋಗಿದ್ದ ಸಂಗತಿ 2002ರಲ್ಲಿ ಬಯಲಿಗೆ ಬಂತು. 2016ರಲ್ಲಿ ‘ನ್ಯಾಷನಲ್ ಪಾರ್ಟಿ’ ಕಟ್ಟಿದವರೂ ಅವರೇ.

2008 ಮತ್ತು 2009ರ ಲಿಸ್ಬನ್ ಒಪ್ಪಂದದ ಜನಮತಗಣನೆಗಳಲ್ಲಿ ಯೂತ್ ಡಿಫೆನ್ಸ್‌ಗೆ ಹತ್ತಿರದ ‘ಕೋಯ್ರ್’ ಎಂಬ ಗುಂಪು ಕಾಣಿಸಿಕೊಂಡಿತು. ಒಪ್ಪಂದ ಬಂದರೆ ಕನಿಷ್ಠ ಕೂಲಿ ಗಂಟೆಗೆ 1.84 ಯುರೋಗೆ ಇಳಿಯುತ್ತಾ ಎಂದು ಕೇಳುವ ಅದರ ಪೋಸ್ಟರ್ ಆಗ ಭಾರೀ ಸುದ್ದಿಯಾಗಿತ್ತು. ನೇರವಾಗಿ ಹೇಳಿದರೆ ಸುಳ್ಳಾಗುತ್ತೆ, ಪ್ರಶ್ನಾರ್ಥಕ ಚಿಹ್ನೆ ಹಾಕಿಬಿಟ್ಟರೆ ಸಂಶಯ ಮಾತ್ರ ಉಳಿಯುತ್ತೆ. ಈ ತಂತ್ರ ನಮಗೂ ಹೊಸದೇನಲ್ಲ, ಅಲ್ವಾ?

2002: ತಮ್ಮವರನ್ನೇ ಸೋಲಿಸಿದ ಹಟ

ಈ ಸಂಘಟನೆಯನ್ನು ಅರ್ಥ ಮಾಡಿಕೊಳ್ಳಲು 2002ರ ಮಾರ್ಚ್ ತಿಂಗಳನ್ನು ನೋಡಬೇಕು. ಎಕ್ಸ್ ತೀರ್ಪಿನ ಆತ್ಮಹತ್ಯೆಯ ಅಂಶವನ್ನು ತೆಗೆದುಹಾಕಿ ನಿಷೇಧವನ್ನು ಇನ್ನಷ್ಟು ಬಿಗಿ ಮಾಡುವ ತಿದ್ದುಪಡಿಯನ್ನು ಸರ್ಕಾರವೇ ಮುಂದಿಟ್ಟಿತು. ಕ್ಯಾಥೊಲಿಕ್ ಬಿಷಪ್‌ಗಳು ಬೆಂಬಲಿಸಿದರು, ಪ್ರಮುಖ ಸಂಘಟನೆ ‘ಪ್ರೋ ಲೈಫ್ ಕ್ಯಾಂಪೇನ್’ ಕೂಡ ಬೆಂಬಲಿಸಿತು.

ಯೂತ್ ಡಿಫೆನ್ಸ್ ಮಾತ್ರ ‘ಬೇಡ’ ಎಂದಿತು. ಕಾರಣ, ಆ ತಿದ್ದುಪಡಿಯ ರಕ್ಷಣೆ ಶುರುವಾಗುತ್ತಿದ್ದದ್ದು ಭ್ರೂಣ ಗರ್ಭಕೋಶಕ್ಕೆ ಅಂಟಿಕೊಂಡ ನಂತರ. ಅದಕ್ಕೂ ಮುಂಚಿನ ದಿನಗಳಿಗೆ ರಕ್ಷಣೆ ಇರಲಿಲ್ಲ. ಹೀಗೆ ಅತ್ಯಂತ ಕಟ್ಟಾ ಗುಂಪು, ತಾನು ದ್ವೇಷಿಸುವ ಉದಾರವಾದಿಗಳ ಜೊತೆ ಸೇರಿ ಒಂದೇ ಕಡೆ ಮತ ಹಾಕಿತು. ತಿದ್ದುಪಡಿ ಬಿದ್ದುಹೋದದ್ದು 10,556 ಮತಗಳಿಂದ. ಅಷ್ಟು ಸಣ್ಣ ಅಂತರದಲ್ಲಿ ಈ ಒಡಕಿಗೂ ಪಾಲಿದೆ. ಎಕ್ಸ್ ತೀರ್ಪು ಹಾಗೇ ಉಳಿಯಿತು. ನಿಷೇಧ ಬಿಗಿ ಮಾಡುವ ಅಂಥ ಅವಕಾಶ ಅವರಿಗೆ ಮತ್ತೆ ಸಿಗಲಿಲ್ಲ.

ಸವಿತಾ

ತೀರ್ಪು ಉಳಿಯಿತು, ಆದರೆ ಅದನ್ನು ಕಾಯ್ದೆಯಾಗಿ ಬರೆಯುವ ಧೈರ್ಯ 20 ವರ್ಷ ಯಾವ ಸರ್ಕಾರಕ್ಕೂ ಬರಲಿಲ್ಲ. ಬೀದಿಯ ಒತ್ತಡ ಗುಂಪುಗಳ ನಿಜವಾದ ಶಕ್ತಿ ಇದು: ಕಾನೂನು ಮಾಡಿಸೋದಕ್ಕಿಂತ, ಮಾಡದ ಹಾಗೆ ಹೆದರಿಸೋದು.

ಅದರ ಬೆಲೆ ಆಸ್ಪತ್ರೆಯಲ್ಲಿ ಕಾಣಿಸಿತು. 2012ರ ಅಕ್ಟೋಬರ್ 21ರಂದು 17 ವಾರದ ಗರ್ಭಿಣಿ ಸವಿತಾ ಗಾಲ್ವೇಯ ಯೂನಿವರ್ಸಿಟಿ ಆಸ್ಪತ್ರೆಗೆ ದಾಖಲಾದರು. ಗರ್ಭ ಉಳಿಯುವುದಿಲ್ಲ ಅಂತ ವೈದ್ಯರಿಗೂ ಗೊತ್ತಿತ್ತು. ಗರ್ಭಪಾತ ಮಾಡಿ ಅಂತ ಸವಿತಾ ಕೇಳಿಕೊಂಡರು. ಭ್ರೂಣದ ಹೃದಯ ಇನ್ನೂ ಬಡಿಯುತ್ತಿತ್ತು, ಹಾಗಾಗಿ ಆಗಲ್ಲ ಅಂದರು. ಅಕ್ಟೋಬರ್ 28ರಂದು ಸೆಪ್ಸಿಸ್‌ನಿಂದ ಅವರು ತೀರಿಕೊಂಡರು. ವಯಸ್ಸು 31. ಅವರು ಹುಟ್ಟಿ ಬೆಳೆದ ಭಾರತದಲ್ಲಿ 1971ರಿಂದಲೇ ಇಂಥ ಸಂದರ್ಭದಲ್ಲಿ ಗರ್ಭಪಾತಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ.

ಸಾವಿಗೆ ಕಾರಣ ಕಾನೂನಲ್ಲ, ಸೋಂಕನ್ನು ಸರಿಯಾಗಿ ನೋಡಿಕೊಳ್ಳದ ಆಸ್ಪತ್ರೆ ಎಂಬುದು ಗರ್ಭಪಾತ ವಿರೋಧಿಗಳ ಉತ್ತರ. ಅದರಲ್ಲಿ ಅರ್ಧ ಸತ್ಯವಿದೆ. ಆರೋಗ್ಯ ಗುಣಮಟ್ಟದ ಪ್ರಾಧಿಕಾರದ ತನಿಖೆ, ಜೀವ ಉಳಿಸಬಹುದಾಗಿದ್ದ 13 ಅವಕಾಶಗಳು ಕೈತಪ್ಪಿದವು ಎಂದಿತು. ಆದರೆ ಪ್ರೊಫೆಸರ್ ಅರುಳ್‌ಕುಮಾರನ್ ನೇತೃತ್ವದ ಮತ್ತೊಂದು ತನಿಖೆ, ವೈದ್ಯರು ಕಾನೂನನ್ನು ಅರ್ಥ ಮಾಡಿಕೊಂಡ ರೀತಿಯೂ ಸಾವಿಗೆ ಒಂದು ಕಾರಣ ಅಂತ ಸ್ಪಷ್ಟವಾಗಿ ಬರೆಯಿತು. ಜೀವಕ್ಕೆ ಅಪಾಯ ಬರುವವರೆಗೆ ಕಾಯಬೇಕು ಅಂದರೆ, ಅಪಾಯ ಬಂದಾಗ ತಡವಾಗಿರುತ್ತೆ.

2013ರಲ್ಲಿ ಸೀಮಿತ ಕಾಯ್ದೆಯೊಂದು ಬಂತು, ಅದರಲ್ಲೂ ಕಾನೂನುಬಾಹಿರ ಗರ್ಭಪಾತಕ್ಕೆ 14 ವರ್ಷದವರೆಗೆ ಜೈಲು. 2018ರ ಹೊತ್ತಿಗೆ ಸವಿತಾ ತಂದೆ ಬೆಳಗಾವಿಯಿಂದಲೇ ‘ಹೌದು’ ಎಂದು ಮತ ಹಾಕಿ ಅಂತ ಐರಿಷ್ ಜನರಲ್ಲಿ ಮನವಿ ಮಾಡಿಕೊಂಡರು. ‘ಬೇಡ’ ಪಾಳೆಯದ ‘ಸೇವ್ ದಿ 8ತ್’ ಪ್ರಚಾರದ ವಕ್ತಾರರಲ್ಲಿ ಯೂತ್ ಡಿಫೆನ್ಸ್ ಸಂಸ್ಥಾಪಕಿ ನೀಯವ್ ಉಯಿ ಬ್ರಿಯಾನ್ ಇದ್ದರು. ‘ಬೇಡ’ಕ್ಕೆ ಬಹುಮತ ಕೊಟ್ಟ ಕ್ಷೇತ್ರ ಡೊನೆಗಲ್ ಒಂದೇ.

ಈಗೇನು?

2019ರ ಜನವರಿ 1ರಿಂದ 12 ವಾರದವರೆಗೆ ಕಾರಣ ಹೇಳದೆ ಗರ್ಭಪಾತ ಮಾಡಿಸಿಕೊಳ್ಳಬಹುದು. ಆದರೆ ಮೂರು ದಿನ ಕಾಯಲೇಬೇಕು ಎಂಬ ಷರತ್ತಿದೆ. ಆ ವರ್ಷ 6,666 ಗರ್ಭಪಾತಗಳು ದಾಖಲಾದವು, 2023ರಲ್ಲಿ 10,033. ಈ ಏರಿಕೆಯೇ ವಿರೋಧಿಗಳ ಹೊಸ ಅಸ್ತ್ರ. ಮೊದಲು ಬ್ರಿಟನ್‌ನ ಲೆಕ್ಕದಲ್ಲಿ ಸೇರುತ್ತಿದ್ದವರು ಈಗ ಐರ್ಲೆಂಡಿನ ಲೆಕ್ಕಕ್ಕೇ ಬರುತ್ತಾರೆ ಎಂಬುದನ್ನೂ ನೆನಪಿಡಬೇಕು. ಆಸ್ಪತ್ರೆ, ಕ್ಲಿನಿಕ್‌ಗಳ ಸುತ್ತ ಪ್ರತಿಭಟನೆ ನಿಷೇಧಿಸುವ ಕಾಯ್ದೆ 2024ರಲ್ಲಿ ಜಾರಿಯಾಯಿತು.

ಹಾಗಂತ ಸಂಪ್ರದಾಯವಾದಿ ಐರ್ಲೆಂಡ್ ಮುಗಿದೇಹೋಯ್ತು ಅನ್ನೋದು ಅವಸರದ ಮಾತು. 2024ರ ಮಾರ್ಚ್‌ನಲ್ಲಿ ಕುಟುಂಬದ ವ್ಯಾಖ್ಯಾನ ಬದಲಿಸುವ ತಿದ್ದುಪಡಿಯನ್ನು 67.7% ಜನ ತಿರಸ್ಕರಿಸಿದರು. ಅದಕ್ಕೆ ಗೊಂದಲದ ಪದಗಳೂ ಸೇರಿ ಹಲವು ಕಾರಣಗಳಿದ್ದವು. ಆದರೂ ಆ ಪಾಳೆಯಕ್ಕೆ ಗೆಲುವಿನ ರುಚಿ ಸಿಕ್ಕಿದೆ. ಮೆರವಣಿಗೆ ನಿಂತಿಲ್ಲ.

ಯೂತ್ ಡಿಫೆನ್ಸ್ ಕಥೆಯಲ್ಲಿ ಗಮನಿಸಬೇಕಾದದ್ದು ಇದು. ನೈತಿಕ ಗೆರೆಯೊಂದನ್ನು ಸಂವಿಧಾನದಲ್ಲಿ ಬರೆಸಿ, ‘ಒಂದಿಂಚೂ ಸರಿಯಲ್ಲ’ ಎಂದು ಕಾಯೋದು ಬೀದಿಯಲ್ಲಿ ಸುಲಭ. ಆ ಗೆರೆಯನ್ನು ಅಳೆಯಬೇಕಾಗಿ ಬರುವುದು ರಾತ್ರಿಪಾಳಿಯ ವೈದ್ಯರು, ಅದೂ ನೋವಿನಲ್ಲಿರುವ ಹೆಣ್ಣಿನ ಹಾಸಿಗೆಯ ಪಕ್ಕ ನಿಂತು.