ಪಂಚರಾಗಿ ಬರ್ರಿ ಎಂದಾಗ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸದ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಅಂಜನಾದ್ರಿ, ಆನೆಗೊಂದಿ, ಹಂಪಿಗಳ ಬಗ್ಗೆ ಬಲ್ಲವರು ಸಾಕಷ್ಟು ಬರೆದಿದ್ದಾರೆ. ಪಠ್ಯಪುಸ್ತಕದಲ್ಲಿ ಬಾರದ, ಆದರೆ ಊರಿನ ಕಟ್ಟೆಯ ಮೇಲೆ ಆಗಾಗ ಮಾತಿಗೆ ಬರುವ ಒಂದು ವಿಷಯವನ್ನು ನಾನು ಆರಿಸಿಕೊಂಡಿದ್ದೇನೆ. ಪೊಲೀಸರು ಬಂದು "ಪಂಚರಾಗಿ ಬರ್ರಿ" ಎಂದರೆ ನಮ್ಮ ಜನ ಹೊಲದ ಕಡೆ ಹೊರಟುಬಿಡುತ್ತಾರೆ. ಇದು ಇಂದಿನ ಮಾತೂ ಅಲ್ಲ, ನಮ್ಮೂರಿನದೊಂದೇ ಮಾತೂ ಅಲ್ಲ. ನ್ಯಾಯದ ಕೆಲಸಕ್ಕೆ ಸಾಮಾನ್ಯರನ್ನು ಕರೆಯುವುದು, ಅವರು ಬಿಡಿಸಿಕೊಳ್ಳಲು ನೋಡುವುದು, ಎರಡೂ ಬಹಳ ಹಳೆಯವು.

ಇದಕ್ಕೆ ಹಳೆಯ ಸಾಕ್ಷ್ಯ ನಮ್ಮ ಭಾಗದಲ್ಲೇ ಇದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದನು. ರಾಜನು ಒಬ್ಬನೇ ನ್ಯಾಯ ಹೇಳುವಂತಿಲ್ಲ, ಜೊತೆಗೆ ಸಭ್ಯರು ಕುಳಿತಿರಬೇಕು ಎಂಬುದು ಆ ಸ್ಮೃತಿಯ ನಿಯಮ. ಪ್ರೀತಿ, ಆಸೆ ಅಥವಾ ಅಂಜಿಕೆಯಿಂದ ಸಭ್ಯರು ತಪ್ಪು ನ್ಯಾಯ ಹೇಳಿದರೆ ಅವರಿಗೇ ಇಮ್ಮಡಿ ದಂಡ. ಗೊತ್ತಿದ್ದೂ ಸಾಕ್ಷಿ ಹೇಳದವನನ್ನು ಅದು ಸುಳ್ಳು ಸಾಕ್ಷಿಗೆ ಸಮನೆಂದು ಎಣಿಸುತ್ತದೆ. ಇಷ್ಟು ಬಿಗಿಯಾದ ಮಾತು ಬರೆಯಬೇಕಾಗಿ ಬಂತೆಂದರೆ, ಆಗಲೂ ತಪ್ಪಿಸಿಕೊಳ್ಳುವವರು ಇದ್ದರೆಂದೇ ಅರ್ಥ.

ಮುಂದೆ ನಮ್ಮ ತುಂಗಭದ್ರೆ ಎರಡು ಆಡಳಿತಗಳ ನಡುವಿನ ಗಡಿಯಾಯಿತು. 1800ರಲ್ಲಿ ಆಚೆ ದಂಡೆಯ ಬಳ್ಳಾರಿ ಸೀಮೆಯನ್ನು ನಿಜಾಮರು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಈಚೆ ದಂಡೆಯ ಗಂಗಾವತಿ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಕೈಯಲ್ಲೇ ಉಳಿಯಿತು. ಇಲ್ಲಿ ಕೋರ್ಟು ಕಚೇರಿಯ ಭಾಷೆ ಉರ್ದು. ಪಂಚನಾಮೆ, ಹಾಜರಿ, ಜಾಮೀನು ಎಂಬ ಮಾತುಗಳು ಇಂದಿಗೂ ನಮ್ಮ ಬಾಯಲ್ಲಿವೆ. ಹಳೆಯ ಮೈಸೂರು ಕಡೆಯವರು ಮಹಜರು ಎನ್ನುವುದನ್ನೇ ನಾವು ಪಂಚನಾಮೆ ಎನ್ನುತ್ತೇವೆ.

ಆಚೆ ದಂಡೆಯಲ್ಲಿ ಬ್ರಿಟಿಷರ ಕಾನೂನು ನಡೆಯುತ್ತಿತ್ತು. 1898ರ ದಂಡಪ್ರಕ್ರಿಯಾ ಸಂಹಿತೆಯ ಪ್ರಕಾರ ಸೆಷನ್ಸ್ ಕೋರ್ಟಿನ ವಿಚಾರಣೆ ಜ್ಯೂರಿ ಇಲ್ಲವೇ ಅಸೆಸರುಗಳ ನೆರವಿನಿಂದ ನಡೆಯಬೇಕಿತ್ತು. ಜ್ಯೂರಿ ಎಂದರೆ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವ ನಾಗರಿಕರ ಗುಂಪು. ಅಸೆಸರುಗಳು ಅಭಿಪ್ರಾಯ ಹೇಳಬಹುದಿತ್ತು, ನ್ಯಾಯಾಧೀಶರು ಅದನ್ನು ಒಪ್ಪಲೇಬೇಕೆಂದಿರಲಿಲ್ಲ. ಜಿಲ್ಲೆಯಲ್ಲಿ ವಾಸಿಸುವ 21ರಿಂದ 60 ವರ್ಷದ ಗಂಡಸರೆಲ್ಲ ಈ ಕೆಲಸಕ್ಕೆ ಬದ್ಧರು. ಕರೆದಾಗ ಕಾರಣವಿಲ್ಲದೆ ಬಾರದಿದ್ದರೆ 100 ರೂಪಾಯಿವರೆಗೆ ದಂಡ. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ.

ಅದೇ ಕಾನೂನಿನಲ್ಲಿ ವಿನಾಯಿತಿಯ ಪಟ್ಟಿಯೂ ಇತ್ತು. ನ್ಯಾಯಾಧೀಶರು, ಕಲೆಕ್ಟರರು, ಪೊಲೀಸರು, ಪೂಜಾರಿ ಪಾದ್ರಿಗಳು, ವೈದ್ಯರು, ದೊಡ್ಡ ದರ್ಜೆಯವರೆಂದು ಕೋರ್ಟಿನ ಹಾಜರಿಯಿಂದಲೇ ಸರ್ಕಾರ ಬಿಟ್ಟವರು ಅದರಲ್ಲಿ ಬರುತ್ತಿದ್ದರು. ಇವರಲ್ಲಿ ಕೆಲವರಿಗೆ ವಿನಾಯಿತಿ ಬೇಕಾದದ್ದೇ, ರೋಗಿಯನ್ನು ಬಿಟ್ಟು ವೈದ್ಯ ಬರಲಾಗದು. ಆದರೆ ನಾಟಿಯ ದಿನ ಬಿಟ್ಟು ಬರುವ ರೈತನ ಹೆಸರು ಆ ಪಟ್ಟಿಯಲ್ಲಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಈ ಪದ್ಧತಿ ಉಳಿಯಲಿಲ್ಲ. 1955ರ ತಿದ್ದುಪಡಿಯಿಂದ ಅಸೆಸರುಗಳು ಹೋದರು. 1958ರಲ್ಲಿ ಕಾನೂನು ಆಯೋಗ ತನ್ನ 14ನೆಯ ವರದಿಯಲ್ಲಿ ಜ್ಯೂರಿಯೂ ಬೇಡವೆಂದಿತು. ಮುಂಬಯಿಯ ನೌಕಾಪಡೆ ಅಧಿಕಾರಿ ನಾನಾವತಿಯ ಮೊಕದ್ದಮೆಯಿಂದಲೇ ಜ್ಯೂರಿ ರದ್ದಾಯಿತೆಂದು ಹಲವರು ಹೇಳುತ್ತಾರೆ. ಆದರೆ ಆ ಕೊಲೆ ನಡೆದದ್ದು 1959ರ ಏಪ್ರಿಲ್‌ನಲ್ಲಿ, ಅಂದರೆ ಆಯೋಗದ ವರದಿಯ ನಂತರ. ಜ್ಯೂರಿ 8ಕ್ಕೆ 1ರಂತೆ ಅವನನ್ನು ನಿರ್ದೋಷಿ ಎಂದಿತು, ಹೈಕೋರ್ಟ್ ಅದನ್ನು ತಳ್ಳಿಹಾಕಿ ಶಿಕ್ಷೆ ಕೊಟ್ಟಿತು. ಕೊನೆಗೆ 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ.

ಜ್ಯೂರಿ ಹೋಯಿತು, ಪಂಚರು ಉಳಿದರು. ಪಂಚರು ತೀರ್ಪು ಹೇಳುವುದಿಲ್ಲ. ಮನೆ ಶೋಧಿಸುವಾಗ, ಶವದ ಪಂಚನಾಮೆ ಮಾಡುವಾಗ ಅಲ್ಲಿ ನಿಂತು ಕಂಡದ್ದಕ್ಕೆ ಸಹಿ ಹಾಕುತ್ತಾರೆ. ಶೋಧನೆಗೆ ಆ ಭಾಗದ ಇಬ್ಬರಾದರೂ ಸ್ವತಂತ್ರ, ಗೌರವಸ್ಥ ನಿವಾಸಿಗಳು ಬೇಕೆನ್ನುತ್ತದೆ ಕಾನೂನು. ಇಂದು ಕೋರ್ಟಿನ ಕಾಗದದಲ್ಲಿ ಊರಿನ ಕಣ್ಣು ಎಂದು ಉಳಿದಿರುವುದು ಇದೊಂದೇ.

ಜನ ಅಂಜುವುದೇಕೆಂದು ನಾನು ಮನೆಯಲ್ಲೇ ಕಂಡಿದ್ದೇನೆ. ಹೊಳೆಯ ದಂಡೆಯ ಪಂಪ್‌ಸೆಟ್ಟಿನ ಮೋಟಾರು ಕಳುವಾಗಿ, ಒಂದು ಬಣವೆಯ ಮರೆಯಲ್ಲಿ ಸಿಕ್ಕಾಗ ನಮ್ಮ ತಂದೆಯವರನ್ನು ಪಂಚರಾಗಿ ಕರೆದರು. ಅವರಿಗೆ ಸಹಿ ಮಾಡಲು ಮಾತ್ರ ಬರುತ್ತಿತ್ತು. "ಏನ್ ಬರದೀರಿ, ಓದಿ ಹೇಳ್ರಿ" ಎಂದರು. ಓದಿದಾಗ ಮೋಟಾರಿನ ಜೊತೆಗೆ ಒಂದು ಸುರುಳಿ ಕೇಬಲ್ ಕೂಡ ಸಿಕ್ಕಿತೆಂದಿತ್ತು. "ಅದನ್ನ ನಾ ಕಂಡಿಲ್ರಿ, ತಗೀರಿ" ಎಂದರು. ಕೇಬಲ್ ತೆಗೆದ ಮೇಲೆಯೇ ಸಹಿ ಹಾಕಿದರು. ಕೆಲವು ವರ್ಷಗಳ ನಂತರ ಸಮನ್ಸ್ ಬಂತು. ಎರಡು ಸಲ ಹೋಗಿ, ಮುಂದಿನ ತಾರೀಖು ಕೇಳಿಕೊಂಡು ವಾಪಸು ಬಂದರು. ಎರಡೂ ದಿನ ಭತ್ತದ ನಾಟಿಯ ಆಳುಗಳು ಹೊಲದಲ್ಲಿದ್ದರು. ಆರೋಪಿಯ ಕಡೆಯವರು ನಮ್ಮ ಓಣಿಯವರೇ. ಅವರು ಬಹಳ ದಿನ ನಮ್ಮ ಮನೆಯ ಮಂದಿಯನ್ನು ಮಾತಾಡಿಸಲಿಲ್ಲ. ಆದರೆ ಮಾಡದ ಕಳ್ಳತನವೊಂದು ಅವರ ಹುಡುಗನ ತಲೆಗೆ ಬರದಂತೆ ತಡೆದದ್ದು ಅದೇ ಪಂಚರು.

ಪಂಚರು ಇರುವುದು ಪೊಲೀಸರಿಗಾಗಿ ಎಂದು ನಮ್ಮ ಜನ ತಿಳಿದಿದ್ದಾರೆ. ನಿಜವಾಗಿ ನೋಡಿದರೆ, ಸಿಕ್ಕದ್ದು ಸಿಕ್ಕಿತೆಂದೂ ಸಿಗದ್ದು ಸಿಗಲಿಲ್ಲವೆಂದೂ ಹೇಳುವ ನೆರೆಯವರು ಕಳಕೊಂಡವನಿಗೆ ಎಷ್ಟು ಬೇಕೋ, ಆರೋಪಿಗೂ ಅಷ್ಟೇ ಬೇಕು. ಒಳ್ಳೆಯವರು ಹೊಲದ ಕಡೆ ನಡೆದರೆ, ಓದದೆ ಸಹಿ ಮಾಡುವವರು ಆ ಜಾಗಕ್ಕೆ ಬರುತ್ತಾರೆ.

ಕಾನೂನೂ ಜನರ ಕಷ್ಟ ಅರಿಯದೆ ಇಲ್ಲ. ಶೋಧನೆಗೆ ನಿಂತ ಮಾತ್ರಕ್ಕೆ ಕೋರ್ಟಿಗೆ ಹೋಗಬೇಕಿಲ್ಲ, ಸಮನ್ಸ್ ಬಂದರೆ ಮಾತ್ರ ಹೋಗಬೇಕು. ಲಿಖಿತ ಆದೇಶ ಕೊಟ್ಟು ಕರೆದಾಗ ಸೂಕ್ತ ಕಾರಣವಿಲ್ಲದೆ ನಿರಾಕರಿಸುವುದು ಅಪರಾಧ. ಕಾರಣವಿದ್ದರೆ ಹೇಳಬಹುದು. ಮನೆಯವರಿಗೆ ವಶಪಡಿಸಿಕೊಂಡ ವಸ್ತುಗಳ ಪಟ್ಟಿಯ ಪ್ರತಿ ಕೊಡಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಶೋಧನೆಯ ಧ್ವನಿ ಮತ್ತು ದೃಶ್ಯ ಮುದ್ರಣವನ್ನೂ ಸೇರಿಸಿದ್ದಾರೆ, ಹಾಗಿದ್ದೂ ಪಂಚರನ್ನು ಕೈಬಿಟ್ಟಿಲ್ಲ. ಆದರೆ ಮುಂದೂಡುವ ತಾರೀಖುಗಳು, ಹೋದ ದಿನಗೂಲಿ, ಓಣಿಯ ಮುನಿಸು ಇವು ಇರುವವರೆಗೂ ಬಿಡಿಸಿಕೊಳ್ಳಲು ನೋಡುವವರನ್ನು ಬರೀ ಬೈದರೆ ನ್ಯಾಯವಾಗದು. ಕರೆದವರು ಅವರ ದಿನವನ್ನು ಗೌರವಿಸುವುದನ್ನೂ ಕಲಿಯಬೇಕು.

ಈ ಶಾಲೆಯಲ್ಲಿ ಓದಿದ ಮಕ್ಕಳಿಗೆ ಅವರ ಅಜ್ಜಂದಿರಿಗೆ ಇಲ್ಲದ ಒಂದು ಬಲವಿದೆ. ಉರ್ದು ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಕಾಲ ಹೋಯಿತು. ನಾಳೆ ನಿಮ್ಮನ್ನೂ ಯಾರಾದರೂ ಕರೆದಾರು. ಹೋಗಿರಿ, ಪೂರ್ತಿ ಓದಿರಿ, ಕಂಡದ್ದಕ್ಕೆ ಮಾತ್ರ ಸಹಿ ಹಾಕಿರಿ.