ಹಲಸಿನ ಬೀಜ ಮತ್ತು ಸಕ್ಕರೆಯ ಹಿಡಿತ

ಬೀಜಗಳಲ್ಲಿನ ಕೆಲವು ಪ್ರೋಟೀನುಗಳು ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸಿ ಮುದ್ದೆಗಟ್ಟಿಸುತ್ತವೆಂಬ ಸಂಗತಿ 1888ರಲ್ಲಿ, ಇಂದಿನ ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹರ್ಮನ್ ಸ್ಟಿಲ್‌ಮಾರ್ಕ್ ಔಡಲ ಬೀಜದ ಸಾರವನ್ನು ಪರೀಕ್ಷಿಸಿದಾಗ ಬೆಳಕಿಗೆ ಬಂದಿತು. ಈ ಅಂಟಿಕೆಯ ಹಿಂದೆ ಸಕ್ಕರೆ ಇದೆಯೆಂಬ ಸುಳಿವು ದೊರೆತದ್ದು 1936ರಲ್ಲಿ: ಜಾಕ್ ಬೀನ್ ಎಂಬ ದ್ವಿದಳ ಕಾಳಿನಿಂದ ಪಡೆದ ಕಾಂಕಾನವಾಲಿನ್-ಎ ಪ್ರೋಟೀನಿನ ಈ ಕ್ರಿಯೆಯನ್ನು ಕಬ್ಬಿನ ಸಕ್ಕರೆ ತಡೆಯುತ್ತದೆಂದು ಅಮೆರಿಕದ ಜೇಮ್ಸ್ ಸಮ್ನರ್ ಮತ್ತು ಸ್ಟೇಸಿ ಹೋವೆಲ್ ತೋರಿಸಿದರು. ಕಣದ ಮೈಮೇಲಿನ ಸಕ್ಕರೆಯನ್ನು ಹಿಡಿಯಬೇಕಾದ ಪ್ರೋಟೀನು ದ್ರಾವಣದಲ್ಲಿರುವ ಸಕ್ಕರೆಯನ್ನೇ ಹಿಡಿದುಕೊಂಡುಬಿಡುತ್ತಿತ್ತು. ಇಂಥ ಪ್ರೋಟೀನುಗಳಿಗೆ ಲೆಕ್ಟಿನ್ ಎಂಬ ಹೆಸರು ಬಂದದ್ದು 1954ರಲ್ಲಿ.

ಹಿಡಿತದ ನಿಜವಾದ ಬಗೆ ತಿಳಿಯಲು ಪರಮಾಣುಗಳನ್ನೇ ಗುರುತಿಸಬೇಕಾಗಿತ್ತು. ಸ್ಫಟಿಕದ ಮೂಲಕ ಹಾಯ್ದ ಕ್ಷ-ಕಿರಣಗಳು ಚದುರುವ ರೀತಿಯಿಂದ ಪರಮಾಣುಗಳ ಸ್ಥಾನವನ್ನು ಗಣಿಸುವ ವಿಧಾನದಿಂದ ಕಾಂಕಾನವಾಲಿನ್-ಎ ರಚನೆ 1972ರಲ್ಲಿ ಹೊರಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಆಕ್ಸ್‌ಫರ್ಡ್‌ನಲ್ಲಿ ಡೊರೊತಿ ಹಾಜ್‌ಕಿನ್ ಅವರೊಡನೆ ಇನ್ಸುಲಿನ್ ರಚನೆಯ ಕೆಲಸ ಮಾಡಿ ಬಂದಿದ್ದ ಎಂ. ವಿಜಯನ್, ಅವಧೇಶ ಸುರೋಲಿಯಾ ಮತ್ತು ಸಂಗಡಿಗರು ನಾಡಿಗೆ ಚಿರಪರಿಚಿತವಾದ ಎರಡು ಬೀಜಗಳನ್ನು ಕೈಗೆತ್ತಿಕೊಂಡರು. ಕಡಲೆಕಾಯಿಯ ಲೆಕ್ಟಿನ್ ರಚನೆ 1994ರಲ್ಲಿ, ಹಲಸಿನ ಬೀಜದ ಜಾಕಲಿನ್ ರಚನೆ 1996ರಲ್ಲಿ ಪ್ರಕಟವಾದವು.

ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್‌ಗಳ ನಡುವಿನ ವ್ಯತ್ಯಾಸ ನಾಲ್ಕನೆಯ ಇಂಗಾಲದ ಹೈಡ್ರಾಕ್ಸಿಲ್ ಗುಂಪು ಮುಖಮಾಡಿರುವ ದಿಕ್ಕಿನದು ಮಾತ್ರ. ಲೆಕ್ಟಿನ್ನಿನ ಜಾಣ್ಮೆಯೆಲ್ಲ ಇದನ್ನು ಗುರುತಿಸುವುದರಲ್ಲಿದೆ. ಕಡಲೆಕಾಯಿಯ ಪ್ರೋಟೀನಿನಲ್ಲಿ ಆಸ್ಪಾರ್ಟೇಟ್ ಮತ್ತು ಆಸ್ಪರಜೀನ್ ಎಂಬ ಅಮೈನೋ ಆಮ್ಲಗಳು ಹೈಡ್ರೋಜನ್ ಬಂಧಗಳಿಂದ ಸಕ್ಕರೆಯನ್ನು ಹಿಡಿಯುತ್ತವೆ, ಟೈರೋಸಿನ್ನಿನ ಚಪ್ಪಟೆ ಉಂಗುರ ಅದರ ಮುಖಕ್ಕೆ ಒತ್ತಿಕೊಳ್ಳುತ್ತದೆ, ಹತ್ತಿರದ ಕ್ಯಾಲ್ಸಿಯಂ ಮತ್ತು ಮ್ಯಾಂಗನೀಸ್ ಅಯಾನುಗಳು ಆ ತಾಣವನ್ನು ಸರಿಯಾದ ಆಕಾರದಲ್ಲಿ ನಿಲ್ಲಿಸುತ್ತವೆ.

ಜಾಕಲಿನ್‌ನಲ್ಲಿ ಲೋಹವೇ ಇಲ್ಲ. ನಾಲ್ಕು ನಾಲ್ಕು ಎಳೆಗಳ ಮೂರು ಹಾಳೆಗಳು ಸೇರಿ ಪಟ್ಟಕದಂತೆ ನಿಂತ ಈ ಪ್ರೋಟೀನಿನ ಸರಪಳಿ, ಬೀಜದಲ್ಲಿ ತಯಾರಾದ ಮೇಲೆ ಕತ್ತರಿಸಲ್ಪಟ್ಟು, 133 ಅಮೈನೋ ಆಮ್ಲಗಳ ಉದ್ದ ತುಂಡು ಮತ್ತು 20ರ ಗಿಡ್ಡ ತುಂಡಾಗುತ್ತದೆ. ಕತ್ತರಿಸಿದ ಕಡೆ ಹೊಸದಾಗಿ ತೆರೆದುಕೊಂಡ ಗ್ಲೈಸಿನ್‌ನ ಅಮೈನೋ ತುದಿಯೇ ಗ್ಯಾಲಕ್ಟೋಸಿನ ಆ ನಾಲ್ಕನೆಯ ಹೈಡ್ರಾಕ್ಸಿಲ್ಲನ್ನು ಹಿಡಿಯುತ್ತದೆ. ಸಸ್ಯ ತನ್ನ ಪ್ರೋಟೀನನ್ನು ತಾನೇ ಕತ್ತರಿಸಿಕೊಂಡು ಹಿಡಿತವನ್ನು ಗಳಿಸಿದ ಈ ಮಾರ್ಗ ಅಲ್ಲಿಯವರೆಗೆ ಕಂಡಿರದದ್ದು, ಬೆಂಗಳೂರಿನ ಆ ಕೆಲಸದ ಅತ್ಯಂತ ಬೆಲೆಯುಳ್ಳ ಫಲವೂ ಅದೇ. ಇದಕ್ಕೆ ಪುಷ್ಟಿ ದೊರೆತದ್ದು ಅದೇ ಬೀಜದ ಮತ್ತೊಂದು ಲೆಕ್ಟಿನ್ನಾದ ಆರ್ಟೋಕಾರ್ಪಿನ್‌ನಿಂದ: 2002ರಲ್ಲಿ ಪ್ರಕಟವಾದ ಅದರ ರಚನೆಯಲ್ಲಿ ಸರಪಳಿ ತುಂಡಾಗದೆ ಉಳಿದಿದೆ, ಅದು ಆರಿಸಿಕೊಳ್ಳುವುದು ಗ್ಯಾಲಕ್ಟೋಸನ್ನಲ್ಲ, ಮ್ಯಾನೋಸನ್ನು.