ನಟಿಯ ಜೀವ ಉಳಿಸಿದ ಒಂದು ಕಾಗದ

ಒಂದು ಹೆಸರು ಹೆಸರುವಾಸಿ ಮಾಡಿತು, ಅದೇ ಹೆಸರು ಜೀವಕ್ಕೂ ಕುತ್ತು ತಂದಿತು. ಈ ಸಲ ನಾವು ಹೇಳುತ್ತಿರುವುದು ಜಪಾನಿನ ನಟಿ, ಗಾಯಕಿ ಯೊಶಿಕೊ ಯಮಗುಚಿ ಅವರ ಕತೆ.

ಹುಟ್ಟಿದ್ದು 1920ರಲ್ಲಿ, ಚೀನಾದ ಮಂಚೂರಿಯಾದಲ್ಲಿ. ಅಪ್ಪ, ಅಮ್ಮ ಇಬ್ಬರೂ ಜಪಾನಿನವರು. ಅಪ್ಪನ ಚೀನೀ ಗೆಳೆಯರೊಬ್ಬರು ಪ್ರೀತಿಯಿಂದ ಇಟ್ಟ ಹೆಸರು ಲಿ ಶಿಯಾಂಗ್‌ಲಾನ್. ಮಂಚೂರಿಯಾ ಜಪಾನಿನ ಹಿಡಿತದಲ್ಲಿದ್ದ ಕಾಲ. 1938ರಲ್ಲಿ ಅಲ್ಲಿನ ಜಪಾನಿ ಸಿನಿಮಾ ಕಂಪನಿ ಅದೇ ಹೆಸರಿನಲ್ಲಿ, ಚೀನೀ ಹುಡುಗಿ ಎಂದೇ ಅವರನ್ನು ತೆರೆಗೆ ತಂದಿತು. ಎರಡೂ ಭಾಷೆ ಸಲೀಸಾಗಿ ಬರುತ್ತಿದ್ದುದರಿಂದ ಜನ ನಂಬಿದರು. 1941ರಲ್ಲಿ ಟೋಕಿಯೊದಲ್ಲಿ ಹಾಡಲು ಬಂದಾಗ ಜನರ ಸಾಲು ಥಿಯೇಟರನ್ನೇ ಹಲವು ಸುತ್ತು ಸುತ್ತಿತ್ತು.

ಆದರೆ 1940ರ ‘ಚೀನಾ ರಾತ್ರಿಗಳು’ ಚಿತ್ರದಲ್ಲಿ ಜಪಾನಿ ನಾಯಕ ಕಪಾಳಕ್ಕೆ ಹೊಡೆಯುತ್ತಾನೆ, ಚೀನೀ ನಾಯಕಿ ಅವನಿಗೇ ಮನಸ್ಸು ಕೊಡುತ್ತಾಳೆ. ಯುದ್ಧದಲ್ಲಿ ಬೆಂದಿದ್ದ ಚೀನೀಯರಿಗೆ ಇದು ಅವಮಾನವಾಗಿತ್ತು.

1945ರಲ್ಲಿ ಜಪಾನ್ ಸೋತಿತು. ಚೀನೀಯಳಾಗಿ ಶತ್ರುವಿಗೆ ನೆರವಾದ ದೇಶದ್ರೋಹಿ ಎಂದು ಶಾಂಘೈನಲ್ಲಿ ಅವರ ಮೇಲೆ ಮೊಕದ್ದಮೆ ಹೂಡಿದರು. ಮರಣದಂಡನೆಯ ಭಯವಿತ್ತು. ಆಗ ಬಾಲ್ಯದ ರಷ್ಯನ್ ಗೆಳತಿ ಲ್ಯೂಬಾ ನೆರವಾದರು. ನಮ್ಮ ವಂಶವೃಕ್ಷದ ಪತ್ರದಂಥ ಜಪಾನಿ ಕುಟುಂಬ ದಾಖಲೆ ಒಂದು ಗೊಂಬೆಯೊಳಗೆ ಅಡಗಿ ಬಂತು. 1946ರಲ್ಲಿ ಬಿಡುಗಡೆಯಾಯಿತು.

ಆಮೇಲೆ ಜಪಾನ್, ಹಾಲಿವುಡ್ ಚಿತ್ರಗಳು. 1974ರಿಂದ 18 ವರ್ಷ ಜಪಾನ್ ಸಂಸತ್ತಿನ ಮೇಲ್ಮನೆ. ಯುದ್ಧಕಾಲದ ಆ ಚಿತ್ರಗಳಲ್ಲಿ ನಟಿಸಿದ್ದಕ್ಕೆ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟರು. 2014ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು.

ತೆರೆಯ ಮೇಲಿನ ಮುಖ ನಮಗೆ ಕಾಣುತ್ತದೆ. ಸಿನಿಮಾ ಮಾಡಿಸಿದವರು ಯಾರು, ಯಾತಕ್ಕೆ ಎಂದೂ ನಾವು ಕೇಳಬೇಕು.